ಬರ್ಮಿಂಗ್‌ಹ್ಯಾಮ್ ಜೈಲಿನ ಪತ್ರ ಯಾರಿಗೆ ಬರೆದದ್ದು?

1963ರ ಏಪ್ರಿಲ್ 12, ಗುಡ್ ಫ್ರೈಡೇ. ಅಮೆರಿಕದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಮೆರವಣಿಗೆ ಹೊರಡಕೂಡದೆಂದು ನ್ಯಾಯಾಲಯ ಕೊಟ್ಟಿದ್ದ ತಡೆಯಾಜ್ಞೆಯನ್ನು ಗೊತ್ತಿದ್ದೇ ಮೀರಿ ಬೀದಿಗಿಳಿದ ಮಾರ್ಟಿನ್ ಲೂಥರ್ ಕಿಂಗ್ (ಕಪ್ಪು ಜನರನ್ನು ಬಿಳಿಯರಿಂದ ಬೇರ್ಪಡಿಸಿಡುವ ವರ್ಣ ಪ್ರತ್ಯೇಕತೆಯ ವಿರುದ್ಧ ಹೋರಾಡುತ್ತಿದ್ದ ಕಪ್ಪು ಪಾದ್ರಿ) ಮತ್ತು ಅವರ ಒಡನಾಡಿ ರಾಲ್ಫ್ ಅಬರ್ನಥಿ ಬಂಧನಕ್ಕೊಳಗಾದರು. ಕಿಂಗ್ ಅವರನ್ನು ಜೈಲಿನ ಒಂಟಿ ಕೋಣೆಯಲ್ಲಿ ಇರಿಸಲಾಯಿತು. ಅದೇ ದಿನ ಅಲಬಾಮದ ಎಂಟು ಮಂದಿ ಬಿಳಿಯ ಧರ್ಮಗುರುಗಳು ಒಂದು ಹೇಳಿಕೆ ಹೊರಡಿಸಿದರು. ಅವರಲ್ಲಿ ಒಬ್ಬರು ಕ್ಯಾಥೊಲಿಕ್ ಬಿಷಪ್, ಒಬ್ಬರು ಯಹೂದಿ ರಬ್ಬಿ, ಉಳಿದವರು ಬೇರೆ ಬೇರೆ ಪ್ರಾಟೆಸ್ಟಂಟ್ ಪಂಥಗಳ ಬಿಷಪ್‌ಗಳು ಮತ್ತು ಪಾದ್ರಿಗಳು. ಕಿಂಗ್ ಅವರ ಹೆಸರನ್ನು ಎಲ್ಲಿಯೂ ಎತ್ತದ ಆ ಹೇಳಿಕೆಯು ನಗರದ ಪ್ರತಿಭಟನೆಗಳನ್ನು ಅವಿವೇಕದವು, ಅಕಾಲಿಕವಾದವು ಎಂದು ಕರೆಯಿತು. ಅವುಗಳನ್ನು ಒಂದಷ್ಟು ಮಟ್ಟಿಗೆ ಹೊರಗಿನವರು ನಡೆಸುತ್ತಿದ್ದಾರೆ ಎಂದಿತು. ಹಕ್ಕಿನ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಮತ್ತು ಸ್ಥಳೀಯ ಮುಖಂಡರ ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಬೇಕೇ ಹೊರತು ಬೀದಿಯಲ್ಲಲ್ಲ ಎಂದಿತು. ಜೊತೆಗೆ, ಸಮಾಧಾನದಿಂದ ನಡೆದುಕೊಂಡದ್ದಕ್ಕಾಗಿ ಪೊಲೀಸರನ್ನು ಪ್ರಶಂಸಿಸಿತು.

ಪತ್ರಿಕೆಯಲ್ಲಿ ಇದನ್ನು ಓದಿದ ಕಿಂಗ್ ಅದೇ ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ ಉತ್ತರ ಬರೆಯತೊಡಗಿದರು. ಅಲ್ಲಿ ಜಾಗ ಮುಗಿದ ಮೇಲೆ, ಜೈಲಿನೊಳಗೆ ಕೆಲಸಕ್ಕಿದ್ದ ಕಪ್ಪು ಕೈದಿಯೊಬ್ಬ ತಂದುಕೊಟ್ಟ ಚೂರುಪಾರು ಕಾಗದಗಳ ಮೇಲೆ ಮುಂದುವರಿಸಿದರು. ಕೊನೆಯ ಭಾಗವನ್ನು ತಮ್ಮ ವಕೀಲರು ಬಿಟ್ಟುಹೋಗಲು ಅನುಮತಿ ದೊರೆತ ಕಾಗದದ ಪ್ಯಾಡಿನಲ್ಲಿ ಮುಗಿಸಿದರು. ಹೊರಗಿದ್ದ ಅವರ ಸಹೋದ್ಯೋಗಿ ವಯಟ್ ಟೀ ವಾಕರ್ ಈ ಚೂರುಗಳನ್ನು ಜೋಡಿಸಿ ಟೈಪ್ ಮಾಡಿಸಿದರು. ಏಪ್ರಿಲ್ 16ರ ದಿನಾಂಕವುಳ್ಳ ಈ ಪತ್ರ ಇಂಗ್ಲಿಷಿನಲ್ಲಿ ಸುಮಾರು 7,000 ಪದಗಳಷ್ಟಿದೆ. 1964ರಲ್ಲಿ ಇದನ್ನು ತಮ್ಮ ಪುಸ್ತಕವೊಂದರಲ್ಲಿ ಸೇರಿಸಿದಾಗ, ಸಾರವನ್ನು ಬದಲಿಸದೆ ಪ್ರಕಟಣೆಗಾಗಿ ಭಾಷೆಯನ್ನು ತಿದ್ದಿ ನಯಗೊಳಿಸಿದ್ದೇನೆಂದು ಕಿಂಗ್ ಅವರೇ ತಿಳಿಸಿದ್ದಾರೆ. ಜೈಲಿನ ಕತ್ತಲೆಯಲ್ಲಿ ಒಂದೇ ಉಸಿರಿಗೆ ಉಕ್ಕಿಬಂದ ಆವೇಶವೆಂದು ಈ ಪತ್ರವನ್ನು ಕೊಂಡಾಡುವವರು ಅದರ ಹಿಂದಿನ ಶ್ರಮವನ್ನೂ ಮುಂದಾಲೋಚನೆಯನ್ನೂ ಕಾಣದೆ ಹೋಗುತ್ತಾರೆ. ನನಗೆ ಹೆಚ್ಚಿನ ಗೌರವ ಇರುವುದು ಆ ಮುಂದಾಲೋಚನೆಯ ಮೇಲೆಯೇ.

ಹೋರಾಟದ ಬರಹಗಳನ್ನು ಪರಿಶೀಲಿಸುವಾಗ ಉಪಮೆ, ಪುನರುಕ್ತಿ, ತರ್ಕ, ಭಾವೋದ್ದೀಪನ ಎಂದು ಒಂದೊಂದನ್ನೂ ಬಿಡಿಸಿ ಹೆಸರಿಡುವುದು ರೂಢಿ. ಈ ಪತ್ರದಲ್ಲಿ ಅವೆಲ್ಲವೂ ಧಾರಾಳವಾಗಿ ಸಿಗುತ್ತವೆ. ಆದರೆ ಹಾಗೆ ಹೆಕ್ಕಿ ತೆಗೆದಿಟ್ಟಾಗ ಅವು ಏಕೆ ಅಲ್ಲಿದ್ದವು ಎಂಬುದೇ ಕೈತಪ್ಪಿಹೋಗುತ್ತದೆ. ಕಿಂಗ್ ಬಳಸಿದ ಪ್ರತಿಯೊಂದು ತಂತ್ರವೂ ಒಂದೇ ನಿರ್ಧಾರದಿಂದ ಹುಟ್ಟಿದೆ ಎಂಬುದು ನನ್ನ ತಿಳಿವಳಿಕೆ. ಅವರು ಬರೆದದ್ದು ಎದುರಾಳಿಗಲ್ಲ, ಅರೆಮನಸ್ಸಿನ ಹಿತೈಷಿಗೆ.

ಎದುರಾಳಿಗಳು ಕಣ್ಣೆದುರಿಗೇ ಇದ್ದರು. ನಗರದ ಪೊಲೀಸ್ ಪಡೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಯೂಜೀನ್ 'ಬುಲ್' ಕಾನರ್ ಇದ್ದರು. ಅದೇ ವರ್ಷದ ಜನವರಿಯಲ್ಲಿ ಗವರ್ನರ್ ಆಗಿ ಪ್ರಮಾಣವಚನ ಸ್ವೀಕರಿಸುತ್ತ, ವರ್ಣ ಪ್ರತ್ಯೇಕತೆ ಇಂದೂ ನಾಳೆಯೂ ಎಂದೆಂದಿಗೂ ಇರುತ್ತದೆ ಎಂದು ಸಾರಿದ ಜಾರ್ಜ್ ವಾಲೇಸ್ ಇದ್ದರು. ಇವರನ್ನು ಉದ್ದೇಶಿಸಿ ಬರೆದಿದ್ದರೆ ಅದೊಂದು ಕಟುವಾದ ಖಂಡನೆಯಾಗುತ್ತಿತ್ತು. ಯಾರ ಮನಸ್ಸೂ ಕದಲುತ್ತಿರಲಿಲ್ಲ. ಎಂಟು ಗುರುಗಳ ಸಂಗತಿ ಬೇರೆ. ವಾಲೇಸ್ ಆ ಮಾತಾಡಿದ ತಿಂಗಳಲ್ಲೇ ಇವರು ಇತರ ಕೆಲವರೊಡನೆ ಸೇರಿ, ನ್ಯಾಯಾಲಯದ ತೀರ್ಪುಗಳನ್ನು ಪಾಲಿಸಬೇಕು, ಪ್ರತಿಯೊಬ್ಬ ಮನುಷ್ಯನೂ ದೇವರ ಪ್ರತಿರೂಪವಾಗಿ ಸೃಷ್ಟಿಯಾದವನು ಎಂದು ಹೇಳಿಕೆ ಕೊಟ್ಟಿದ್ದರು. ದಕ್ಷಿಣದ ಅಂದಿನ ವಾತಾವರಣದಲ್ಲಿ ಅಷ್ಟು ಹೇಳುವುದಕ್ಕೂ ಧೈರ್ಯ ಬೇಕಿತ್ತು. ಅನ್ಯಾಯ ಅನ್ಯಾಯವೆಂದು ಒಪ್ಪುವ, ಆದರೆ ಅದರ ವಿರುದ್ಧ ಯಾರಾದರೂ ಎದ್ದು ನಿಂತ ಕೂಡಲೇ 'ಈಗ ಬೇಡ, ಹೀಗೆ ಬೇಡ' ಎನ್ನುವ ಮನಸ್ಸು ಅದು. ದೇಶದ ತುಂಬ ಅಂಥ ಲಕ್ಷಾಂತರ ಬಿಳಿಯರಿದ್ದರು. ಎಂಟು ಮಂದಿಯ ಹೆಗಲ ಮೇಲಿಂದ ಕಿಂಗ್ ನೋಡುತ್ತಿದ್ದುದು ಅವರನ್ನು.

ಹೀಗಾಗಿ ಪತ್ರದ ಮೊದಲ ಪ್ಯಾರಾದಲ್ಲಿ ಕೋಪದ ಸುಳಿವೇ ಇಲ್ಲ. ಪ್ರಿಯ ಸಹಧರ್ಮಗುರುಗಳೇ ಎಂದು ಸಂಬೋಧಿಸುತ್ತಾರೆ. ತಮ್ಮ ಮೇಲಿನ ಟೀಕೆಗಳಿಗೆಲ್ಲ ಉತ್ತರಿಸುತ್ತ ಕೂತರೆ ಕಾರ್ಯದರ್ಶಿಗಳಿಗೆ ಬೇರೆ ಕೆಲಸಕ್ಕೆ ಸಮಯವೇ ಉಳಿಯದು, ಆದರೆ ನೀವು ಸದ್ಭಾವನೆಯುಳ್ಳವರು, ನಿಮ್ಮ ಟೀಕೆ ಪ್ರಾಮಾಣಿಕವಾದದ್ದು, ಆದ್ದರಿಂದ ತಾಳ್ಮೆಯಿಂದ ಉತ್ತರಿಸುತ್ತೇನೆ ಎನ್ನುತ್ತಾರೆ. ಇದನ್ನು ಬರಿಯ ಸೌಜನ್ಯವೆಂದು ದಾಟಿಹೋಗಬಾರದು. ತಹಶೀಲ್ದಾರರಿಗೆ ನಮ್ಮಲ್ಲಿ ಬರೆಯುವ ಮನವಿಪತ್ರವು 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂಬ ಒಂದೇ ಸಾಲಿನಲ್ಲಿ ಬರೆದವನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿಬಿಡುತ್ತದೆ; ಕೇಳುತ್ತಿರುವುದು ಹಕ್ಕೇ ಆಗಿದ್ದರೂ ದನಿ ಮಾತ್ರ ಬೇಡುವವನದಾಗಿರುತ್ತದೆ. ಕಿಂಗ್ ಜೈಲಿನಲ್ಲಿದ್ದುಕೊಂಡೇ ಮೆಟ್ಟಿಲ ಮೇಲಿನವರ ಸಮಕ್ಕೆ ನಿಂತು ಮಾತಾಡುತ್ತಾರೆ. ಸಹಧರ್ಮಗುರುಗಳೇ ಎಂದ ಮೇಲೆ, ಕಪ್ಪು ಪಾದ್ರಿ ಮತ್ತು ಬಿಳಿಯ ಬಿಷಪ್ ಒಂದೇ ಪೀಠದಲ್ಲಿ ಕೂತಂತಾಯಿತು. ಆ ನಗರದ ಕಾನೂನು ಒಪ್ಪದ ಸಮಾನತೆಯನ್ನು ಪತ್ರದ ಮೊದಲ ಸಾಲು ಯಾರ ಅನುಮತಿಯನ್ನೂ ಕೇಳದೆ ಜಾರಿಗೆ ತಂದಿತ್ತು.

ಆಮೇಲೆ ಆರೋಪಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳುತ್ತಾರೆ. ಹೊರಗಿನವರು ಎಂಬ ಆಕ್ಷೇಪಕ್ಕೆ ಮೊದಲು ಬರುವುದು ತೀರ ಸಾದಾ ಉತ್ತರ: ತಾವು ಅಧ್ಯಕ್ಷರಾಗಿರುವ ಸಂಸ್ಥೆಗೆ ಇಲ್ಲಿ ಅಂಗಸಂಸ್ಥೆಯಿದೆ, ಅವರು ಕರೆದರು, ಬಂದೆವು. ಅದರ ಮೇಲೆ ಎರಡನೆಯ ಉತ್ತರ: ಊರೂರಿಗೆ ದೇವರ ಮಾತನ್ನು ಹೊತ್ತು ನಡೆದ ಪ್ರವಾದಿಗಳೂ ಸಂತ ಪೌಲನೂ ಹೊರಗಿನವರೇ ಆಗಿದ್ದರು. ಕೊನೆಗೆ ಜಗತ್ಪ್ರಸಿದ್ಧವಾದ ಮಾತು ಬರುತ್ತದೆ, ಎಲ್ಲಿಯೇ ಅನ್ಯಾಯವಿರಲಿ ಅದು ಎಲ್ಲೆಡೆಯ ನ್ಯಾಯಕ್ಕೂ ಅಪಾಯ ಎಂಬುದು. ಈ ಮಾತನ್ನು ಮಾತ್ರ ಕಿತ್ತು ಪೋಸ್ಟರುಗಳ ಮೇಲೆ ಅಚ್ಚು ಹಾಕುವವರಿಗೆ, ಅದಕ್ಕೂ ಮುಂಚೆ ಆಡಳಿತ ವ್ಯವಸ್ಥೆಯ ಒಂದು ಒಣ ಸಂಗತಿಯನ್ನು ಅವರು ಇಟ್ಟಿದ್ದರೆಂಬುದು ಕಾಣುವುದಿಲ್ಲ. ಅಂಗಸಂಸ್ಥೆ, ಆಹ್ವಾನ ಎಂಬ ನೆಲ ಇದ್ದುದರಿಂದಲೇ ಮೇಲಿನ ಮಾತು ಭಾಷಣವಾಗದೆ ವಾದವಾಯಿತು.

ಮಾತುಕತೆ ನಡೆಸಬಹುದಿತ್ತು ಎಂಬ ಆಕ್ಷೇಪಕ್ಕೂ ಇದೇ ಕ್ರಮ. ಹಿಂದಿನ ವರ್ಷ ನಗರದ ವ್ಯಾಪಾರಿಗಳು ಅಂಗಡಿಗಳಲ್ಲಿನ ಅವಮಾನಕರ ಫಲಕಗಳನ್ನು ತೆಗೆಯುವುದಾಗಿ ಮಾತು ಕೊಟ್ಟರು. ಕೆಲವು ಫಲಕಗಳು ಇಳಿದವು, ಸ್ವಲ್ಪ ದಿನಕ್ಕೆ ಮತ್ತೆ ಏರಿದವು. ಉಳಿದವು ಅಲುಗಲೇ ಇಲ್ಲ. ಮೇಯರ್ ಚುನಾವಣೆಗೆ ತೊಂದರೆಯಾಗಬಾರದೆಂದು ಚಳವಳಿಯವರು ತಾವೇ ಪ್ರತಿಭಟನೆಯನ್ನು ಮುಂದೂಡಿದರು, ಕಾನರ್ ಮತ್ತು ಆಲ್ಬರ್ಟ್ ಬೌಟ್‌ವೆಲ್ ನಡುವಿನ ಮರುಸ್ಪರ್ಧೆ ಮುಗಿಯುವ ತನಕ ಇನ್ನೊಮ್ಮೆ ಮುಂದೂಡಿದರು. ಬೌಟ್‌ವೆಲ್ ಗೆದ್ದರು, ಅವರು ಕಾನರ್‌ಗಿಂತ ಸೌಮ್ಯರು, ಆದರೆ ಅವರೂ ಪ್ರತ್ಯೇಕತಾವಾದಿಯೇ ಎಂದು ಕಿಂಗ್ ತಣ್ಣಗೆ ಬರೆಯುತ್ತಾರೆ. ಇಷ್ಟು ಸಂಗತಿಗಳನ್ನು ಇಟ್ಟ ಮೇಲೆಯೇ ಅಕಾಲಿಕ ಎಂಬ ಪದದ ಕಡೆಗೆ ತಿರುಗುತ್ತಾರೆ, ಮತ್ತು ಆಗ ಬರುತ್ತದೆ ಆ ವಾಕ್ಯ.

ಇಂಗ್ಲಿಷಿನಲ್ಲಿ ಅದು 300 ಪದಗಳನ್ನು ಮೀರಿದ ಒಂದೇ ವಾಕ್ಯ. ಪ್ರತ್ಯೇಕತೆಯ ಮುಳ್ಳು ಚುಚ್ಚದವರಿಗೆ 'ಕಾಯಿರಿ' ಎನ್ನುವುದು ಸುಲಭವಿರಬಹುದು ಎಂದು ಹೇಳಿ, ಹತ್ತು ಉಪವಾಕ್ಯಗಳನ್ನು ಒಂದರ ಹಿಂದೊಂದು ಪೋಣಿಸುತ್ತಾರೆ: ನೀವು ಇದನ್ನು ಕಂಡಾಗ, ಇದನ್ನು ಅನುಭವಿಸಿದಾಗ, ಇದಕ್ಕೆ ಉತ್ತರ ಹೇಳಬೇಕಾಗಿ ಬಂದಾಗ... ಮುಖ್ಯವಾಕ್ಯ ಬರುವುದು ಎಲ್ಲ ಮುಗಿದ ಮೇಲೆ, ಕಾಯುವುದು ನಮಗೇಕೆ ಕಷ್ಟವೆಂದು ಆಗ ನಿಮಗೆ ತಿಳಿದೀತು ಎಂಬ ಸಣ್ಣ ಮಾತಾಗಿ. ಕಾಯಿರಿ ಎಂದವರನ್ನು ಆ ವಾಕ್ಯವೇ ಕಾಯಿಸುತ್ತದೆ ಎಂಬುದನ್ನು ಬಹಳ ಜನ ಗುರುತಿಸಿದ್ದಾರೆ, ಅದು ನಿಜ. ಆದರೆ ಆ ಹತ್ತು ಸಂಗತಿಗಳು ಬರುವ ಕ್ರಮವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು.

ಮೊದಲು ಬರುವುದು ತಂದೆತಾಯಿಯರನ್ನು ಗುಂಪುಗಳು ಮನಬಂದಂತೆ ಕೊಂದು ನೇತುಹಾಕುವುದು. ಆಮೇಲೆ ಕಪ್ಪು ಜನರನ್ನು ಬೈದು ಒದೆದು ಕೊಲ್ಲುವ ಪೊಲೀಸರು. ಆಮೇಲೆ ಸಿರಿವಂತ ಸಮಾಜದ ನಡುವೆ ಬಡತನದ ಗೂಡಿನಲ್ಲಿ ಉಸಿರುಗಟ್ಟುತ್ತಿರುವ ಎರಡು ಕೋಟಿ ಕಪ್ಪು ಜನರಲ್ಲಿ ಬಹುಪಾಲು ಮಂದಿ. ಇವನ್ನು ಓದುವ ಸೌಮ್ಯ ಸ್ವಭಾವದ ಬಿಳಿಯ ಓದುಗನಿಗೆ ಮರುಕ ಹುಟ್ಟುತ್ತದೆ, ಆದರೆ ತಪ್ಪಿತಸ್ಥ ಭಾವ ಹುಟ್ಟಬೇಕಾಗಿಲ್ಲ. ಆತ ಯಾರನ್ನೂ ಕೊಂದಿಲ್ಲ, ಕೊಲ್ಲುವವರನ್ನು ಅವನೂ ಹಳಿಯುತ್ತಾನೆ. ನಾಲ್ಕನೆಯದರಲ್ಲಿ ದೃಶ್ಯ ಥಟ್ಟನೆ ಮನೆಯೊಳಕ್ಕೆ ಬರುತ್ತದೆ. ಆರು ವರ್ಷದ ಮಗಳು ಟೆಲಿವಿಷನ್ನಿನಲ್ಲಿ ಮನರಂಜನಾ ಪಾರ್ಕಿನ ಜಾಹೀರಾತು ನೋಡಿ ಅಲ್ಲಿಗೆ ಹೋಗೋಣ ಎನ್ನುತ್ತಾಳೆ; ಬಣ್ಣದ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಹೇಳಬೇಕಾದ ತಂದೆಯ ನಾಲಿಗೆ ತೊದಲುತ್ತದೆ; ಮಗುವಿನ ಕಣ್ಣಲ್ಲಿ ನೀರು ತುಂಬುತ್ತದೆ. ಐದು ವರ್ಷದ ಮಗ, ಅಪ್ಪಾ, ಬಿಳಿಯರು ನಮ್ಮನ್ನು ಯಾಕೆ ಹೀಗೆ ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆ ಎಂದು ಕೇಳುತ್ತಾನೆ. ದೂರದ ಪ್ರಯಾಣದಲ್ಲಿ ಯಾವ ಮೋಟೆಲ್ಲೂ ಕೋಣೆ ಕೊಡದೆ ರಾತ್ರಿಗಳನ್ನು ಕಾರಿನೊಳಗೇ ಮುದುಡಿ ಕಳೆಯಬೇಕಾಗುತ್ತದೆ. ಬಿಳಿಯರಿಗೆ, ಬಣ್ಣದವರಿಗೆ ಎಂಬ ಫಲಕಗಳು ದಿನವೂ ಕುಕ್ಕುತ್ತವೆ. ವಯಸ್ಸು ಎಷ್ಟೇ ಆಗಿದ್ದರೂ ಗಂಡಸನ್ನು ಹುಡುಗ ಎಂದು ಕೂಗುತ್ತಾರೆ. ಹೆಂಡತಿಗೂ ತಾಯಿಗೂ ಶ್ರೀಮತಿ ಎಂಬ ಗೌರವದ ಪದ ಎಂದೂ ಸಿಗುವುದಿಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ಆ ಓದುಗ ಸಿಕ್ಕಿಬಿದ್ದಿರುತ್ತಾನೆ. ಆತ ಯಾರನ್ನೂ ಮರಕ್ಕೆ ನೇತುಹಾಕಿಲ್ಲ ನಿಜ, ಆದರೆ ತನ್ನ ಮಕ್ಕಳನ್ನು ಅಂಥ ಪಾರ್ಕಿಗೆ ಕರೆದುಕೊಂಡು ಹೋಗಿದ್ದಾನೆ. ಅಂಥ ಮೋಟೆಲ್ಲಿನಲ್ಲಿ ನಿಶ್ಚಿಂತೆಯಿಂದ ಮಲಗಿದ್ದಾನೆ. ಮನೆಗೆಲಸಕ್ಕೆ ಬರುವ ಹಿರಿಯ ಹೆಂಗಸನ್ನು ಬರಿಯ ಹೆಸರು ಹಿಡಿದು ಕರೆದಿದ್ದಾನೆ. ಆತ ತನ್ನದಲ್ಲವೆಂದು ದೂರ ಇಡಬಹುದಾದ ಅಪರಾಧಗಳಿಂದ ವಾಕ್ಯ ಶುರುವಾಗಿ, ಆತ ದಿನವೂ ಯೋಚಿಸದೆ ಮಾಡುವ ಕೆಲಸಗಳಿಗೆ ಇಳಿಯುತ್ತದೆ. ಅಲ್ಲಿಂದ ಇನ್ನೂ ಒಳಕ್ಕೆ, ತಾನು ಯಾರೂ ಅಲ್ಲ ಎಂಬ ಭಾವದೊಡನೆ ಪ್ರತಿದಿನ ಗುದ್ದಾಡುವ ಮನುಷ್ಯನ ಮನಸ್ಸಿಗೆ. ನೀನೂ ಇದರಲ್ಲಿ ಪಾಲುದಾರ ಎಂದು ಕಿಂಗ್ ಎಲ್ಲಿಯೂ ಹೇಳುವುದಿಲ್ಲ. ಕರ್ತೃವಿನ ಜಾಗದಲ್ಲಿ 'ನೀವು' ಎಂದಿಟ್ಟು, ಆ ತಂದೆಯ ಚರ್ಮದೊಳಗೆ ಓದುಗನನ್ನು ಕೂರಿಸುತ್ತಾರೆ. ಆಪಾದನೆಯ ವಾಕ್ಯವಾಗಿದ್ದರೆ ಓದುಗ ತನ್ನ ಸಮರ್ಥನೆಗೆ ತೊಡಗಿಬಿಡುತ್ತಿದ್ದ.

ಉಲ್ಲೇಖಗಳ ಆಯ್ಕೆಯಲ್ಲಿಯೂ ಇದೇ ಎಚ್ಚರವಿದೆ. ಕೆಲವು ಕಾನೂನುಗಳನ್ನು ಪಾಲಿಸಿ, ಕೆಲವನ್ನು ಮುರಿಯುವುದು ಹೇಗೆ ಸರಿ ಎಂಬ ಪ್ರಶ್ನೆಗೆ ಉತ್ತರಿಸುವಾಗ ಅವರು ಕರೆತರುವ ಸಾಕ್ಷಿಗಳು ಸಂತ ಅಗಸ್ಟೀನ್, ಥಾಮಸ್ ಅಕ್ವಿನಾಸ್, ಯಹೂದಿ ದಾರ್ಶನಿಕ ಮಾರ್ಟಿನ್ ಬೂಬರ್, ಪ್ರಾಟೆಸ್ಟಂಟ್ ಚಿಂತಕ ಪಾಲ್ ಟಿಲಿಕ್. ಸಹಿ ಹಾಕಿದವರ ಪಟ್ಟಿಯ ಪಕ್ಕ ಈ ಪಟ್ಟಿಯನ್ನಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: ಬಿಷಪ್ಪರಿಗೆ ಅವರ ಸಂತರು, ರಬ್ಬಿಗೆ ಅವರ ದಾರ್ಶನಿಕ, ಉಳಿದವರಿಗೆ ಅವರ ಚಿಂತಕ. ಯಾರೂ ಇದು ನಮ್ಮ ಪರಂಪರೆಯಲ್ಲ ಎನ್ನುವಂತಿಲ್ಲ. ಶೀತಲ ಸಮರದ ಆ ದಿನಗಳ ಸಾಮಾನ್ಯ ಅಮೆರಿಕನ್ನನಿಗೆ ಬೇರೆಯೇ ಉದಾಹರಣೆ ಇದೆ. ಜರ್ಮನಿಯಲ್ಲಿ ಹಿಟ್ಲರ್ ಮಾಡಿದ್ದೆಲ್ಲ ಕಾನೂನುಬದ್ಧವಾಗಿತ್ತು, ಹಂಗೆರಿಯ ಸ್ವಾತಂತ್ರ್ಯ ಹೋರಾಟಗಾರರು ಮಾಡಿದ್ದೆಲ್ಲ ಕಾನೂನುಬಾಹಿರವಾಗಿತ್ತು. 1956ರಲ್ಲಿ ಸೋವಿಯತ್ ಹಿಡಿತದ ವಿರುದ್ಧ ದಂಗೆಯೆದ್ದ ಹಂಗೆರಿಗಾಗಿ ಕಣ್ಣೀರಿಟ್ಟವನು ಬರ್ಮಿಂಗ್‌ಹ್ಯಾಮಿನ ಮೆರವಣಿಗೆಯನ್ನು ಕಾನೂನುಬಾಹಿರವೆಂಬ ಒಂದೇ ಕಾರಣಕ್ಕೆ ಹೇಗೆ ತಳ್ಳಿಹಾಕಿಯಾನು? ಮೆರವಣಿಗೆಗೆ ಪರವಾನಗಿ ಬೇಕೆನ್ನುವ ಕಾನೂನಿನಲ್ಲಿ ತಪ್ಪೇನಿಲ್ಲ, ಅದನ್ನು ಪ್ರತ್ಯೇಕತೆಯನ್ನು ಕಾಪಾಡಲು ಬಳಸಿದಾಗ ಅದು ಅನ್ಯಾಯದ ಕಾನೂನಾಗುತ್ತದೆ ಎಂದೂ ಅವರು ಬರೆದರು. 1967ರಲ್ಲಿ ಸುಪ್ರೀಂ ಕೋರ್ಟು 5–4ರ ಬಹುಮತದಿಂದ, ತಡೆಯಾಜ್ಞೆ ಮೀರಿದ್ದಕ್ಕೆ ಅವರಿಗೆ ವಿಧಿಸಿದ್ದ ಶಿಕ್ಷೆಯನ್ನು ಎತ್ತಿಹಿಡಿಯಿತು, ಅವರು ಅಲಬಾಮಕ್ಕೆ ಮರಳಿ ಜೈಲುವಾಸ ಮುಗಿಸಿದರು. ಅದೇ ನ್ಯಾಯಾಲಯ 1969ರಲ್ಲಿ, ಆ ಗುಡ್ ಫ್ರೈಡೇ ಮೆರವಣಿಗೆಗೇ ಸಂಬಂಧಿಸಿದ, ಬರ್ಮಿಂಗ್‌ಹ್ಯಾಮಿನ ಹೋರಾಟದ ಮುಖಂಡ ಫ್ರೆಡ್ ಶಟಲ್ಸ್‌ವರ್ತ್ ಅವರ ಮೊಕದ್ದಮೆಯಲ್ಲಿ, ಆ ಪರವಾನಗಿ ಕಾನೂನು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಅಷ್ಟರಲ್ಲಿ ಕಿಂಗ್ ಹತ್ಯೆಯಾಗಿ ವರ್ಷ ತುಂಬುತ್ತ ಬಂದಿತ್ತು.

ತೀವ್ರವಾದಿ ಎಂಬ ಆಪಾದನೆಯನ್ನು ಅವರು ಎದುರಿಸುವ ಬಗೆ ನನಗೆ ಇನ್ನಷ್ಟು ಪ್ರಿಯವಾದದ್ದು. ಮೊದಲು ಇದರಿಂದ ಬೇಸರವಾಯಿತು ಎನ್ನುತ್ತಾರೆ. ಆಮೇಲೆ ಯೋಚಿಸಿದಂತೆಲ್ಲ ಅದರಲ್ಲೊಂದು ತೃಪ್ತಿ ಸಿಕ್ಕಿತು ಎನ್ನುತ್ತಾರೆ. ಶತ್ರುವನ್ನೂ ಪ್ರೀತಿಸಿ ಎಂದ ಯೇಸು ಪ್ರೀತಿಯ ತೀವ್ರವಾದಿಯಲ್ಲವೇ, ನ್ಯಾಯ ನೀರಿನಂತೆ ಹರಿಯಲಿ ಎಂದ ಪ್ರವಾದಿ ಆಮೋಸ್ ಅಲ್ಲವೇ, ಹದಿನಾರನೆಯ ಶತಮಾನದ ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅಲ್ಲವೇ, ಲಿಂಕನ್ ಅಲ್ಲವೇ, ಜೆಫರ್ಸನ್ ಅಲ್ಲವೇ ಎಂದು ಕೇಳುತ್ತ ಹೋಗಿ, ನಾವು ಯಾವ ಬಗೆಯ ತೀವ್ರವಾದಿಗಳಾಗುತ್ತೇವೆ ಎಂಬುದೊಂದೇ ಪ್ರಶ್ನೆ ಎನ್ನುತ್ತಾರೆ. ಮೊದಲು ನೋವು, ಆಮೇಲೆ ಒಪ್ಪಿಗೆ ಎಂಬ ಈ ನಡಿಗೆ ಕಿಂಗ್ ಅವರ ಮನಸ್ಸಿಗೆ ಸಹಜವಾದದ್ದಿರಬೇಕು. 1959ರಲ್ಲಿ ಅವರು ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದರಂತೆ. 1965ರ ಜುಲೈ 4ರಂದು ತಮ್ಮ ಚರ್ಚಿನಲ್ಲಿ ಮಾಡಿದ ಪ್ರವಚನದಲ್ಲಿ ಕಿಂಗ್ ಇದನ್ನು ನೆನಪಿಸಿಕೊಳ್ಳುತ್ತ, ಮೊದಲು ಆ ಮಾತು ಚುಚ್ಚಿತು, ಆಮೇಲೆ ಹೌದು, ನಾನು ಅಸ್ಪೃಶ್ಯ, ಅಮೆರಿಕದ ಪ್ರತಿಯೊಬ್ಬ ನೀಗ್ರೋ ಅಸ್ಪೃಶ್ಯ ಎಂದು ಒಪ್ಪಿಕೊಂಡೆ ಎಂದರು. ಹೊರಗಿನಿಂದ ಅಂಟಿಸಿದ ಹೆಸರನ್ನು ಕಿತ್ತೆಸೆಯುವ ಬದಲು ಅದರೊಳಗೆ ಹೊಕ್ಕು ನೋಡುವ ಈ ರೀತಿ ವಾದದ ಚಾತುರ್ಯಕ್ಕಿಂತ ದೊಡ್ಡದು.

ಪತ್ರದ ಅತ್ಯಂತ ಕಠಿಣವಾದ ಮಾತುಗಳು ನಡುಭಾಗದಲ್ಲಿವೆ. ತಮ್ಮ ಜನರ ಸ್ವಾತಂತ್ರ್ಯಕ್ಕೆ ದೊಡ್ಡ ಎಡರು ಬಿಳಿಯರ ಹಿಂಸಾತ್ಮಕ ಗುಪ್ತಸಂಘವಾದ ಕು ಕ್ಲಕ್ಸ್ ಕ್ಲಾನ್ ಅಲ್ಲ, ನ್ಯಾಯಕ್ಕಿಂತ ಸುವ್ಯವಸ್ಥೆಯನ್ನೇ ಹೆಚ್ಚೆಂದು ಬಗೆಯುವ ಬಿಳಿಯ ಮಿತವಾದಿ ಎಂಬ ತೀರ್ಮಾನಕ್ಕೆ ಬಹುತೇಕ ಬಂದಿದ್ದೇನೆ ಎನ್ನುತ್ತಾರೆ. ಕೆಡುಕರ ಪೂರ್ತಿ ತಪ್ಪು ತಿಳಿವಳಿಕೆಗಿಂತ ಒಳ್ಳೆಯವರ ಮೇಲುಮೇಲಿನ ತಿಳಿವಳಿಕೆ ಹೆಚ್ಚು ನೋಯಿಸುತ್ತದೆ ಎನ್ನುತ್ತಾರೆ. ಇದನ್ನೇ ಮೊದಲ ಪುಟದಲ್ಲಿ ಬರೆದಿದ್ದರೆ ಎಂಟು ಮಂದಿಯಲ್ಲಿ ಒಬ್ಬರೂ ಎರಡನೆಯ ಪುಟಕ್ಕೆ ಹೋಗುತ್ತಿರಲಿಲ್ಲ. ಇಷ್ಟು ಹೊತ್ತಿನ ಸೌಜನ್ಯ, ಸಂಗತಿ, ಸಂತರು, ಅಳುವ ಮಗು ಎಲ್ಲವೂ ದಾರಿ ಮಾಡಿಕೊಟ್ಟ ಮೇಲೆ ಅದು ಬರುತ್ತದೆ, ಅದೂ ಕ್ರೈಸ್ತ ಮತ್ತು ಯಹೂದಿ ಸಹೋದರರ ಮುಂದೆ ಮಾಡುವ ನಿವೇದನೆಯ ರೂಪದಲ್ಲಿ.

ಒಂದು ಕಡೆ ಮಾತ್ರ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಕಪ್ಪು ಸಮುದಾಯದಲ್ಲಿ ಎರಡು ಶಕ್ತಿಗಳಿವೆ, ಒಂದು ಜಡತೆಯದು, ಇನ್ನೊಂದು ಎಲೈಜಾ ಮುಹಮ್ಮದರ ಕಪ್ಪು ಮುಸ್ಲಿಂ ಪಂಥದಲ್ಲಿ ಕಾಣುವ ದ್ವೇಷದ್ದು, ನಾನು ಇವೆರಡರ ನಡುವೆ ನಿಂತಿದ್ದೇನೆ ಎಂದು ಕಿಂಗ್ ಹೇಳುತ್ತಾರೆ. ಅಹಿಂಸೆಯ ದಾರಿ ತೆರೆಯದೆ ಹೋಗಿದ್ದರೆ ದಕ್ಷಿಣದ ಬೀದಿಗಳಲ್ಲಿ ಇಷ್ಟು ಹೊತ್ತಿಗೆ ರಕ್ತ ಹರಿಯುತ್ತಿತ್ತು ಎಂದು ಎಚ್ಚರಿಸುತ್ತಾರೆ. ಇದು ಭಯದ ವಾದ. ಮನವೊಲಿಸಲು ಪರಿಣಾಮಕಾರಿಯೇನೋ ಹೌದು, ಆದರೆ ಆ ಕಡೆ ನಿಂತವರ ಸಿಟ್ಟಿನ ಕಾರಣಗಳನ್ನು ವಿಚಾರಿಸದೆ ಅವರನ್ನು ಬೆದರುಬೊಂಬೆಯಾಗಿ ಬಳಸಿಕೊಳ್ಳುತ್ತದೆ. ಮರುವರ್ಷದ ಭಾಷಣಗಳಲ್ಲಿ, ಆ ಪಂಥದಿಂದಲೇ ಬೆಳೆದುಬಂದ ಮಾಲ್ಕಂ ಎಕ್ಸ್ ನೇರವಾಗಿ ಕಪ್ಪು ಸಭಿಕರ ಜೊತೆ ಮಾತಾಡಿದರು, ಬಿಳಿಯರ ಸಮಾಧಾನದ ಹಂಗು ಅವರಿಗಿರಲಿಲ್ಲ. ಅರೆಮನಸ್ಸಿನ ಹಿತೈಷಿಗೆ ಬರೆಯುವುದರಲ್ಲಿ ಹೀಗೊಂದು ಬೆಲೆ ತೆರಬೇಕಾಗುತ್ತದೆ, ಕಿಂಗ್ ಅದನ್ನು ಇಲ್ಲಿ ತೆತ್ತಿದ್ದಾರೆ.

ಪೊಲೀಸರ ಪ್ರಶಂಸೆಯನ್ನು ಅವರು ಕೊನೆಗೆ ಎತ್ತಿಕೊಳ್ಳುತ್ತಾರೆ, ಹೋಗುವ ಮುನ್ನ ಇನ್ನೊಂದು ಮಾತು ಎನ್ನುವಂತೆ. ನಿರಾಯುಧರ ಮೇಲೆ ಬಿದ್ದ ನಾಯಿಗಳನ್ನು ನೀವು ಕಂಡಿದ್ದರೆ ಇಷ್ಟು ಸುಲಭವಾಗಿ ಹೊಗಳುತ್ತಿರಲಿಲ್ಲ ಎನ್ನುತ್ತಾರೆ. ತಪ್ಪು ಉದ್ದೇಶಕ್ಕಾಗಿ ಸರಿಯಾದ ಕೆಲಸ ಮಾಡುವುದೇ ಅತಿ ದೊಡ್ಡ ದ್ರೋಹ ಎಂಬ ಟಿ.ಎಸ್. ಎಲಿಯಟ್ಟರ ಸಾಲುಗಳನ್ನು ಉದ್ಧರಿಸುತ್ತಾರೆ. ಅದಾದ ಸ್ವಲ್ಪದರಲ್ಲೇ, ಬಸ್ಸುಗಳಲ್ಲಿನ ವರ್ಣ ಪ್ರತ್ಯೇಕತೆಯ ವಿರುದ್ಧ ನಡೆದ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಕಾಲದಲ್ಲಿ ನಡೆದೇ ಓಡಾಡಿದ 72 ವರ್ಷದ ಹೆಂಗಸು ಬರುತ್ತಾಳೆ. ದಣಿವಾಯಿತೇ ಎಂದು ಕೇಳಿದ್ದಕ್ಕೆ, ಕಾಲು ಸೋತಿದೆ, ಆತ್ಮ ನೆಮ್ಮದಿಯಾಗಿದೆ ಎಂದು ಆಕೆ ಕೊಟ್ಟ ಉತ್ತರವನ್ನು ಅವಳದೇ ವ್ಯಾಕರಣ ತಪ್ಪಿದ ಇಂಗ್ಲಿಷಿನಲ್ಲಿ, ಒಂದಕ್ಷರ ತಿದ್ದದೆ ಇಡುತ್ತಾರೆ. ಇಂಗ್ಲಿಷಿನ ಮಹಾಕವಿಗೂ ಹೆಸರು ಹೇಳದ ಆ ಮುದುಕಿಗೂ ಒಂದೇ ಪುಟದಲ್ಲಿ ಒಂದೇ ಮರ್ಯಾದೆ. ದೇವತಾಶಾಸ್ತ್ರಜ್ಞರ ಹೆಸರುಗಳಿಂದ ಓದುಗನ ಗೌರವ ಗಳಿಸಿಕೊಂಡು, ಆ ಗೌರವವನ್ನು ತಂದು ಈ ಹೆಂಗಸಿನ ಪಾದದ ಬಳಿ ಇಟ್ಟುಬಿಡುತ್ತಾರೆ. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದ ಜಾಗ ಇದೇ.

ಮುಕ್ತಾಯದಲ್ಲಿ ಕ್ಷಮೆ ಕೇಳುವ ಎರಡು ವಾಕ್ಯಗಳಿವೆ. ಸತ್ಯವನ್ನು ಅತಿಯಾಗಿ ಹೇಳಿ ಅಸಹನೆ ತೋರಿದ್ದರೆ ನೀವು ನನ್ನನ್ನು ಕ್ಷಮಿಸಿ. ಸತ್ಯವನ್ನು ಕಡಿಮೆ ಮಾಡಿ ಹೇಳಿ, ಸೋದರಭಾವಕ್ಕಿಂತ ಕಡಿಮೆಯಾದುದಕ್ಕೆ ಒಪ್ಪುವ ತಾಳ್ಮೆ ತೋರಿದ್ದರೆ ದೇವರು ನನ್ನನ್ನು ಕ್ಷಮಿಸಲಿ. ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಾಕ್ಯಗಳು, ಆದರೆ ಯಾವ ತಪ್ಪಿಗೆ ಯಾರ ಕ್ಷಮೆ ಎಂಬುದನ್ನು ಗಮನಿಸಬೇಕು. ಅಸಹನೆ ಮನುಷ್ಯರು ಮನ್ನಿಸಬಹುದಾದ ಸಣ್ಣ ತಪ್ಪು. ಅತಿಯಾದ ತಾಳ್ಮೆ ದೇವರೇ ಮನ್ನಿಸಬೇಕಾದ ಪಾಪ. ತಾಳ್ಮೆಯನ್ನು ಬೋಧಿಸಿದ ಎಂಟು ಗುರುಗಳ ಕೈಯಲ್ಲಿ ಈಗ ಏನು ಉಳಿಯಿತು?

ಪತ್ರ ಆ ವರ್ಷದ ಮೇ ತಿಂಗಳಲ್ಲಿ ಕಿರುಹೊತ್ತಗೆಯಾಗಿ ಬಂದು, ಜೂನ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ದೊಡ್ಡ ನಿಯತಕಾಲಿಕಗಳಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, ಮೇ ಮೊದಲ ವಾರದಲ್ಲಿ, ಬರ್ಮಿಂಗ್‌ಹ್ಯಾಮಿನ ಶಾಲಾಮಕ್ಕಳು ಬೀದಿಗಿಳಿದಿದ್ದರು, ಅವರ ಮೇಲೆ ಕಾನರ್ ನಾಯಿಗಳನ್ನು ಬಿಟ್ಟ, ನೀರಿನ ಫಿರಂಗಿ ಹಾರಿಸಿದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದ್ದವು, ಮೇ 10ಕ್ಕೆ ವ್ಯಾಪಾರಿಗಳೊಡನೆ ಒಪ್ಪಂದವೂ ಆಗಿತ್ತು. ಆದ್ದರಿಂದ ಈ ಪತ್ರವೇ ನಗರವನ್ನು ಮಣಿಸಿತು ಎಂದರೆ ಆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಆ ಚಿತ್ರಗಳನ್ನು ಕಂಡು ತಳಮಳಗೊಂಡ ಓದುಗರಿಗೆ, ತಾವು ಕಂಡದ್ದೇನೆಂದು ಯೋಚಿಸಲು ಬೇಕಾದ ವಾಕ್ಯಗಳನ್ನು ಪತ್ರ ಕೊಟ್ಟಿತು. ಸೆಪ್ಟೆಂಬರ್ 15ರಂದು ಅದೇ ನಗರದ ಹದಿನಾರನೆಯ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು. ಎಂಟು ಮಂದಿಯ ಪೈಕಿ ಹಲವರು ಈ ಪತ್ರದಿಂದ ಬಹಳ ನೊಂದರು, ಕಿಂಗ್ ತಮಗೆ ಅನ್ಯಾಯ ಮಾಡಿದರೆಂದು ಭಾವಿಸಿದರು. ಕ್ಯಾಥೊಲಿಕ್ ಬಿಷಪ್ ಜೋಸೆಫ್ ಡ್ಯೂರಿಕ್ ಅವರದು ಬೇರೆ ದಾರಿ. ಮುಂದೆ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ ಹೋದ ಅವರು ಅಲ್ಲಿ ನಾಗರಿಕ ಹಕ್ಕುಗಳ ಪರವಾಗಿ ಬಹಿರಂಗವಾಗಿ ನಿಂತರು.